ರಾತ್ರಿ ಸದ್ದಿಲ್ಲದೆ ಹೊರಡುವವರ ಚೀಲದಲ್ಲಿ ಏನಿರಬೇಕು?

ಪ್ರಶ್ನೆ: ನಾನು ಹಗಲು ಹಕ್ಕಿ ನೋಡುವ ಹವ್ಯಾಸಿ. ಈಚೆಗೆ ರಾತ್ರಿ ಹೊರಗೆ ಹೋಗಿ ಗೂಬೆ, ಕಪ್ಪೆ, ಪುನುಗು ಬೆಕ್ಕು, ಮೊಲ ಇಂಥವನ್ನು ನೋಡುವ ಹುಚ್ಚು ಹತ್ತಿದೆ. ನಾಲ್ಕೈದು ಸಲ ಹೋದೆ. ಏನೋ ಓಡಿದ ಸದ್ದು ಕೇಳಿಸುತ್ತದೆ, ಅಷ್ಟೇ. ನನ್ನ ಬಳಿ ಕಪ್ಪು ಬಟ್ಟೆ ಇದೆ, ಸಾವಿರ ಲುಮೆನ್ನಿನ ಟಾರ್ಚ್ ಇದೆ. ಕತ್ತಲೆಯಲ್ಲಿ ನೋಡುವ ನೈಟ್ ವಿಷನ್ ಯಂತ್ರ ಕೊಳ್ಳಬೇಕಾ? ಸದ್ದಿಲ್ಲದೆ, ಕಾಣಿಸಿಕೊಳ್ಳದೆ ಓಡಾಡಲು ಏನೇನು ಬೇಕು? ನೀವು ಏನು ಒಯ್ಯುತ್ತೀರಿ?

ಉತ್ತರ: ನೈಟ್ ವಿಷನ್ ಈಗಲೇ ಬೇಡ. ನಿಮ್ಮ ತೊಂದರೆ ಇರುವುದು ಆ ಸಾವಿರ ಲುಮೆನ್ನಿನ ಟಾರ್ಚ್‌ನಲ್ಲಿ. ಅದನ್ನು ಕಂಡು ಪ್ರಾಣಿಗಳು ಓಡುತ್ತವೆ ಅನ್ನುವುದು ಅರ್ಧ ಕಥೆ. ಇನ್ನರ್ಧ ನಿಮ್ಮ ಕಣ್ಣಿನದು. ಅಷ್ಟು ಬೆಳಕನ್ನು ಒಮ್ಮೆ ನೋಡಿದಿರೋ, ಮುಂದಿನ ಅರ್ಧ ಗಂಟೆ ಆ ದುಂಡು ಬೆಳಕಿನ ಆಚೆ ಏನಿದ್ದರೂ ನಿಮಗೆ ಇಲ್ಲದಂತೆಯೇ.

ಈ ಹವ್ಯಾಸಕ್ಕೆ ಬರುವ ಹೆಚ್ಚಿನವರು ನಿಮ್ಮ ಹಾಗೇ ಕೇಳುತ್ತಾರೆ. ಪ್ರಾಣಿಯ ಕಣ್ಣಿಗೆ ಬೀಳದಂತೆ ನನ್ನನ್ನು ಮುಚ್ಚಿಡುವ ಸಾಮಾನು ಯಾವುದು ಅಂತ. ನಾನೂ ಮೊದಲೆರಡು ವರ್ಷ ಅದೇ ಹುಡುಕಾಟದಲ್ಲಿದ್ದೆ. ಕಣ್ಣು, ಕಿವಿ, ಮೂಗಿನ ಆಟದಲ್ಲಿ ರಾತ್ರಿಯ ಪ್ರಾಣಿಯನ್ನು ಮನುಷ್ಯ ಗೆಲ್ಲುವುದು ಕಷ್ಟ. ನೀವು ಬಂದದ್ದು ಅದಕ್ಕೆ ಆಗಲೇ ಗೊತ್ತು. ಈಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸಾಮಾನಿನಿಂದ ನನ್ನ ಕಣ್ಣು ಕಿವಿ ತೆರೆದುಕೊಳ್ಳುತ್ತವಾ, ಮುಚ್ಚಿಹೋಗುತ್ತವಾ? ಮುಚ್ಚುವಂಥದ್ದು ಎಷ್ಟೇ ಚೆನ್ನಾಗಿದ್ದರೂ ಮನೆಯಲ್ಲೇ ಉಳಿಯುತ್ತದೆ.

ಕಣ್ಣಿನಿಂದಲೇ ಶುರು ಮಾಡೋಣ, ಯಾಕೆಂದರೆ ನೀವು ದುಡ್ಡು ಕೊಡದೆ ಪಡೆದ ಅತಿ ಒಳ್ಳೆಯ ಸಲಕರಣೆ ಅದು. ಕಣ್ಣಿನ ಒಳಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣ ಮತ್ತು ಸೂಕ್ಷ್ಮ ವಿವರ ನೋಡುವ ಶಂಕುಕೋಶಗಳು ಸುಮಾರು 60 ಲಕ್ಷ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಸುಮಾರು 12 ಕೋಟಿ. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಅನ್ನುವ ವರ್ಣದ್ರವ್ಯ ಜೋರು ಬೆಳಕಿಗೆ ಒಡೆದುಹೋಗುತ್ತದೆ. ಮತ್ತೆ ಕೂಡಿಕೊಳ್ಳಲು ಹೊತ್ತು ಬೇಕು. ಕತ್ತಲೆಗೆ ಬಂದ ಮೊದಲ ಹತ್ತು ನಿಮಿಷದಲ್ಲಿ ಸ್ವಲ್ಪ ಕಾಣತೊಡಗುತ್ತದೆ. 'ಇಷ್ಟೇ ಇರಬೇಕು' ಅಂದುಕೊಂಡು ಜನ ಟಾರ್ಚ್ ಹಾಕಿಬಿಡುತ್ತಾರೆ. ನಿಜವಾದ ಆಟ ಶುರುವಾಗುವುದೇ ಆಮೇಲೆ. 20, 30 ನಿಮಿಷ ಕಳೆದಾಗ ಮರದ ಬುಡ, ಕಲ್ಲಿನ ಅಂಚು, ಹಾದಿಯ ತಿರುವು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಒಂದು ಸಲ, ಒಂದೇ ಒಂದು ಸಲ ಇಷ್ಟು ಹೊತ್ತು ಕಾದು ನೋಡಿ.

ಇನ್ನೊಂದು ಸಂಗತಿ ಇದೆ. ನಾವು ನೆಟ್ಟ ನೋಟದಿಂದ ನೋಡುವಾಗ ಬಳಸುವ ಒಳಪರದೆಯ ನಟ್ಟನಡುವಿನ ಜಾಗದಲ್ಲಿ ದಂಡಕೋಶಗಳೇ ಇಲ್ಲ. ಹಾಗಾಗಿ ಕತ್ತಲೆಯಲ್ಲಿ ಗೂಬೆಯನ್ನು ನೋಡಬೇಕಾದರೆ ಗೂಬೆಯನ್ನು ನೋಡಬಾರದು. ಅದರ ಪಕ್ಕಕ್ಕೆ, ಚಾಚಿದ ತೋಳಿನ ತುದಿಯಲ್ಲಿ ಒಂದು ಗೇಣಿನಷ್ಟು ಆಚೆ ನೋಡಬೇಕು. ಆಗ ಕೊಂಬೆಯ ಮೇಲಿನ ಆ ಗಂಟು ಸಟ್ಟನೆ ಗೂಬೆಯಾಗುತ್ತದೆ. ನೇರ ನೋಡಿದರೆ ಮತ್ತೆ ಮಾಯ. ನಕ್ಷತ್ರ ನೋಡುವವರಿಗೆ ಇದು ಹಳೆಯ ಪಾಠ. ಹಕ್ಕಿ ನೋಡುವ ನಮಗೆ ಕಲಿಯಲು ಸ್ವಲ್ಪ ಕಷ್ಟ, ಯಾಕೆಂದರೆ ಕಣ್ಣು ನೆಡುವುದೇ ನಮ್ಮ ಚಾಳಿ.

ಈಗ ದೀಪ. ನಾನು ಎರಡು ಒಯ್ಯುತ್ತೇನೆ. ಒಂದು ಕೈಕೊಟ್ಟರೆ ಇನ್ನೊಂದು ಬೇಕು ಅನ್ನುವುದು ಒಂದು ಕಾರಣ, ಎರಡರ ಕೆಲಸವೂ ಬೇರೆ ಅನ್ನುವುದು ಇನ್ನೊಂದು. ಮೊದಲನೆಯದು ದಾರಿಗೆ. ಇದೊಂದು ಹೆಡ್‌ಲ್ಯಾಂಪ್, ಆದರೆ ತಲೆಗೆ ಕಟ್ಟುವುದಿಲ್ಲ. ಹಣೆಯ ಮೇಲೆ ದೀಪ ಇದ್ದರೆ ಹುಳಹುಪ್ಪಟೆ ಎಲ್ಲ ಮುಖಕ್ಕೇ ಬಂದು ಬಡಿಯುತ್ತವೆ. ಮಂಜು ಇದ್ದರೆ ಬೆಳಕು ಕಣ್ಣಿಗೇ ವಾಪಸು ಹೊಡೆಯುತ್ತದೆ. ಜೊತೆಗಾರ ಕರೆದಾಗ ತಿರುಗಿದರೆ ಅವನ ಅರ್ಧ ಗಂಟೆಯ ಕಾಯುವಿಕೆ ಮಣ್ಣುಪಾಲು. ಅದಕ್ಕೇ ಕೊರಳಿಗೆ ನೇತುಹಾಕಿ ಕೆಳಮುಖ ಮಾಡಿಟ್ಟಿರುತ್ತೇನೆ. ಪಾದದ ಮುಂದೆ ಎರಡು ಹೆಜ್ಜೆ ಕಂಡರೆ ಸಾಕು. ಅದಕ್ಕೆ 5ರಿಂದ 10 ಲುಮೆನ್ ಬೇಕಾದಷ್ಟಾಯಿತು. ಕೊಳ್ಳುವಾಗ ಎಲ್ಲರೂ ಗರಿಷ್ಠ ಲುಮೆನ್ ಎಷ್ಟು ಅಂತ ಕೇಳುತ್ತಾರೆ. ನೀವು ಕನಿಷ್ಠ ಎಷ್ಟು ಅಂತ ಕೇಳಿ. 1 ಲುಮೆನ್‌ಗಿಂತ ಕೆಳಗೆ ಇಳಿಯುವ ದೀಪ ಸಿಕ್ಕರೆ ಬಿಡಬೇಡಿ.

ಕೆಂಪು ದೀಪದ ಬಗ್ಗೆ ಎಲ್ಲರೂ ಕೇಳುತ್ತಾರೆ, ನೀವು ಕೇಳದಿದ್ದರೂ ಹೇಳುತ್ತೇನೆ. ದಂಡಕೋಶಗಳಿಗೆ ಕಡುಗೆಂಪು ಬೆಳಕು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಬೆಳಕಿನ ತರಂಗದ ಉದ್ದ 640 ನ್ಯಾನೋಮೀಟರ್ ದಾಟಿದ ಮೇಲಂತೂ ಅವುಗಳ ಪಾಲಿಗೆ ಅದು ಕತ್ತಲೆ. ಆದ್ದರಿಂದ ಕೆಂಪು ಬೆಳಕಿನಲ್ಲಿ ಓದಿದರೂ, ಬರೆದರೂ, ಚೀಲ ತಡಕಿದರೂ ಕಣ್ಣಿನ ಹದ ಕೆಡುವುದಿಲ್ಲ. ಜಿಂಕೆಯಂಥ ಎಷ್ಟೋ ಸಸ್ತನಿಗಳಿಗೂ ಕೆಂಪು ಮಂಕಾಗಿಯೇ ಕಾಣುತ್ತದೆ. ಹಾಗಂತ ಜೋರು ಕೆಂಪು ದೀಪ ಹಾಕಿಕೊಂಡು ಮೆರವಣಿಗೆ ಹೊರಟರೆ ಲಾಭವಿಲ್ಲ. ಮಂದವಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಇನ್ನು ಕೆಲವು ಹೆಡ್‌ಲ್ಯಾಂಪ್‌ಗಳಲ್ಲಿ ಕೆಂಪಿಗೆ ಹೋಗಬೇಕಾದರೆ ಮೊದಲು ಜೋರು ಬಿಳಿ ದೀಪ ಹೊತ್ತಿಸಿಯೇ ಹೋಗಬೇಕು. ಇದನ್ನು ಯಾವ ಮಹಾನುಭಾವ ಯೋಚಿಸಿದನೋ! ಅಂಥದ್ದು ಬೇಡ. ಗುಂಡಿ ಒತ್ತಿದೊಡನೆ ನೇರ ಕೆಂಪೇ ಬರಬೇಕು. ಹೊಸದು ಕೊಳ್ಳಲು ಮನಸ್ಸಿಲ್ಲದಿದ್ದರೆ ಹಳೆಯ ಸಣ್ಣ ಟಾರ್ಚ್‌ಗೆ ಕೆಂಪು ಪಾರದರ್ಶಕ ಹಾಳೆಯನ್ನು ಮೂರು ನಾಲ್ಕು ಪದರ ಮಡಿಸಿ ರಬ್ಬರ್ ಬ್ಯಾಂಡ್ ಹಾಕಿ. ನಾನು ವರ್ಷಗಟ್ಟಲೆ ಹಾಗೇ ಕಳೆದಿದ್ದೇನೆ.

ಆದರೆ ಒಂದು ಎಚ್ಚರ. ಕೆಂಪು ಬೆಳಕಿನಲ್ಲಿ ಕಂದು, ಕೆಂಪು, ಹಳದಿ ಎಲ್ಲ ಒಂದೇ ಬಣ್ಣ ಆಗಿಬಿಡುತ್ತವೆ. ಒಣ ಎಲೆಯ ಮೇಲೆ ಸುಮ್ಮನೆ ಮಲಗಿದ ಕಂದು ಹಾವು ಆ ಬೆಳಕಿನಲ್ಲಿ ಎಲೆಯೇ. ಹಗ್ಗ ಕಂಡು ಹಾವೆಂದು ಹೆದರಿದರೆ ಅವಮಾನ ಅಷ್ಟೇ, ಇದರ ಉಲ್ಟಾ ಆದರೆ ಆಸ್ಪತ್ರೆ. ವಿಷದ ಹಾವುಗಳಿರುವ ಕಡೆ ನಡೆಯುವಾಗ ನಾನು ಕೆಂಪನ್ನು ಬಿಟ್ಟು ಮಂದವಾದ ಬೆಚ್ಚನೆ ಬಿಳಿ ಬೆಳಕನ್ನೇ ಪಾದದ ಮುಂದೆ ಬಿಟ್ಟುಕೊಳ್ಳುತ್ತೇನೆ. ಕಣ್ಣಿನ ಹದ ಸ್ವಲ್ಪ ಕೆಡುತ್ತದೆ, ಕೆಡಲಿ. ಕೂರುವ ಜಾಗ ತಲುಪಿದ ಮೇಲೆ ಆರಿಸಿ ಮತ್ತೆ ಕಾಯುತ್ತೇನೆ. ಇದರಲ್ಲಿ ಚೌಕಾಸಿ ಇಲ್ಲ.

ಎರಡನೆಯ ದೀಪ ಹುಡುಕುವುದಕ್ಕೆ. ಕಿರಿದಾದ ಕಿರಣದ ಚಿಕ್ಕ ಟಾರ್ಚ್. ಇದನ್ನು ಕೆನ್ನೆಯ ಪಕ್ಕ, ಕಣ್ಣಿನ ಮಟ್ಟದಲ್ಲಿ ಹಿಡಿದು ಪೊದೆಗಳ ಮೇಲೆ ನಿಧಾನ ಆಡಿಸಬೇಕು. ಬೆಕ್ಕು, ಜಿಂಕೆ, ಪುನುಗು ಇಂಥವುಗಳ ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇದೆ, ಟಪೀಟಮ್ ಅಂತ ಹೆಸರು. ಒಳಗೆ ಬಂದ ಬೆಳಕನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಬಂದ ದಾರಿಯಲ್ಲೇ ಅನ್ನುವುದು ಮುಖ್ಯ. ಟಾರ್ಚ್ ಸೊಂಟದ ಹತ್ತಿರ ಇದ್ದರೆ ಹೊಳಪು ನಿಮ್ಮ ಸೊಂಟಕ್ಕೆ ಹೋಗುತ್ತದೆ, ಕಣ್ಣಿಗಲ್ಲ! ಬಹುಶಃ ನಿಮ್ಮ ನಾಲ್ಕೈದು ಸುತ್ತಾಟದಲ್ಲಿ ಹೀಗೇ ಆಗಿರಬೇಕು. ಹೊಳಪು ಕಂಡೊಡನೆ ಕಿರಣವನ್ನು ಪಕ್ಕಕ್ಕೆ ಸರಿಸಿ. ಅಂಚಿನ ಬೆಳಕಿನಲ್ಲೇ ನೋಡಿ. ಬಣ್ಣ ನೋಡಿ ಇಂಥದೇ ಪ್ರಾಣಿ ಎಂದು ಹೇಳುವವರ ಮಾತು ನಂಬಬೇಡಿ, ಕೋನ ಬದಲಾದರೆ ಆ ಬಣ್ಣವೂ ಬದಲಾಗುತ್ತದೆ. ಎರಡು ಕಣ್ಣಿನ ನಡುವಿನ ದೂರ, ನೆಲದಿಂದ ಎತ್ತರ, ಅದು ಚಲಿಸುವ ರೀತಿ ಇವು ಹೆಚ್ಚು ನಂಬಿಕೆಗೆ ಯೋಗ್ಯ. ಮೊದಲ ದಿನ ಹುಲ್ಲಿನ ಮೇಲೆ ಈ ಟಾರ್ಚ್ ಆಡಿಸಿದಾಗ ನೂರಾರು ಇಬ್ಬನಿ ಹನಿ ಮಿನುಗಿದಂತೆ ಕಾಣಬಹುದು. ಹತ್ತಿರ ಹೋಗಿ ನೋಡಿ. ಅವುಗಳಲ್ಲಿ ಕೆಲವು ಹನಿ ನಡೆದಾಡುತ್ತಿರುತ್ತವೆ. ಅವು ತೋಳಜೇಡಗಳ ಕಣ್ಣು.

ಬಟ್ಟೆಗೆ ಬರೋಣ. ಕಪ್ಪು ಬಟ್ಟೆ ನೋಡಲು ಕಥೆಯ ಕಳ್ಳನ ಹಾಗೆ ಚೆನ್ನಾಗಿರುತ್ತದೆ, ಕೆಲಸಕ್ಕೆ ಅಷ್ಟಕ್ಕಷ್ಟೇ. ರಾತ್ರಿ ಅಂದರೆ ಕಪ್ಪು ಅನ್ನುವುದು ಟಾರ್ಚ್ ಹಿಡಿದವರ ಅನಿಸಿಕೆ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ನೆಲ, ಹುಲ್ಲು, ಬಂಡೆ ಎಲ್ಲ ಬೂದು. ಆ ಬೂದಿನ ನಡುವೆ ಅಚ್ಚ ಕಪ್ಪು ಬಟ್ಟೆಯವನು ಮನುಷ್ಯನ ಆಕಾರದ ತೂತಿನ ಹಾಗೆ ಎದ್ದು ಕಾಣುತ್ತಾನೆ. ಗಾಢ ಬೂದು, ಮಣ್ಣಿನ ಕಂದು, ಮಾಸಲು ಹಸಿರು ಒಳ್ಳೆಯದು. ಮುಖ ಮತ್ತು ಕೈ ಹೆಚ್ಚು ಹೊಳೆಯುತ್ತವೆ, ಅಂಚು ಇರುವ ಟೋಪಿ ಒಂದಿದ್ದರೆ ಮುಖಕ್ಕೆ ನೆರಳು. ದಿಣ್ಣೆಯ ಮೇಲೆ ಆಕಾಶಕ್ಕೆ ಬೆನ್ನು ಕೊಟ್ಟು ನಿಂತರೆ ಯಾವ ಬಣ್ಣದ ಬಟ್ಟೆಯೂ ಕಾಪಾಡುವುದಿಲ್ಲ. ಬಿಳುಪು ಹೆಚ್ಚಿಸುವ ಸೋಪಿನ ಪುಡಿಯಲ್ಲಿ ನೇರಳಾತೀತ ಬೆಳಕಿಗೆ ಹೊಳೆಯುವ ಪದಾರ್ಥ ಇರುತ್ತದೆ. ನೇರಳಾತೀತ ಬೆಳಕನ್ನು ನಮ್ಮ ಕಣ್ಣಿನ ಮಸೂರ ಹೆಚ್ಚುಕಡಿಮೆ ತಡೆದುಬಿಡುತ್ತದೆ, ಜಿಂಕೆಯ ಕಣ್ಣಿನ ಮಸೂರ ಅದನ್ನು ಒಳಗೆ ಬಿಡುತ್ತದೆ. ರಾತ್ರಿಯ ಬಟ್ಟೆಯನ್ನು ಸಾದಾ ಸೋಪಿನಲ್ಲಿ ಬೇರೆಯಾಗಿ ಒಗೆಯುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಆದರೆ ಬಣ್ಣಕ್ಕಿಂತ ಬಟ್ಟೆಯ ಸದ್ದು ಜಾಸ್ತಿ ಮುಖ್ಯ. ಇದನ್ನು ನನಗೆ ಕಲಿಸಿದ್ದು ಗೂಬೆಯೇ. ಗೂಬೆಯ ರೆಕ್ಕೆಯ ಮುಂಚೂಣಿ ಗರಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಅಂಚು ಇರುತ್ತದೆ. ಗರಿಯ ಮೈ ಮಖಮಲ್ಲಿನ ಹಾಗೆ. ಹಿಂದಿನ ಅಂಚು ಹರಿದ ಜಾಲರಿಯ ಹಾಗೆ. ಮೂರೂ ಸೇರಿ ಗಾಳಿಯ ಸದ್ದನ್ನು ನುಂಗಿಬಿಡುತ್ತವೆ. ಇಲಿಗೆ ಕೇಳಿಸಬಾರದು ಅಂತ ಈ ವ್ಯವಸ್ಥೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಹಾರುವಾಗ ಗೂಬೆಗೂ ಇಲಿಯ ಸದ್ದು ಕೇಳಿಸಬೇಕಲ್ಲ! ತನ್ನ ರೆಕ್ಕೆಯೇ ಪಟಪಟ ಅಂದರೆ ಬೇಟೆ ಎಲ್ಲಿದೆ ಎಂದು ಹೇಗೆ ತಿಳಿಯಬೇಕು? ಕಣಜ ಗೂಬೆಯ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ. ಆ ವ್ಯತ್ಯಾಸದಿಂದ ಸದ್ದು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂದು ಅದು ಲೆಕ್ಕ ಹಾಕುತ್ತದೆ. ಒಂದಿಷ್ಟೂ ಬೆಳಕಿಲ್ಲದ ಕೋಣೆಯಲ್ಲಿ ಬರೀ ಸದ್ದಿನ ಮೇಲೆ ಇಲಿ ಹಿಡಿಯುವುದನ್ನು ರೋಜರ್ ಪೇನ್ ಅನ್ನುವ ವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದ್ದರು. ನಮ್ಮ ವಿಷಯವೂ ಅದೇ. ಸರಸರ ಅನ್ನುವ ನೈಲಾನ್ ಜಾಕೆಟ್ ಹಾಕಿದವನಿಗೆ ಇಪ್ಪತ್ತು ಅಡಿ ಆಚೆ ಎಲೆ ಸರಿದದ್ದು ಕೇಳುವುದಿಲ್ಲ. ಪ್ರಾಣಿ ಓಡಿದ್ದು ಆಮೇಲಿನ ಮಾತು. ಅವನೇ ಮೊದಲು ಕಿವುಡಾಗಿರುತ್ತಾನೆ.

ಹಾಗಾಗಿ ಕೊಳ್ಳುವಾಗ ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಗೀರಿ ನೋಡಿ. ಗೀರಿದ ಸದ್ದು ಬಂದರೆ ಅಲ್ಲೇ ಇಟ್ಟು ಬನ್ನಿ. ಉಣ್ಣೆ, ಫ್ಲೀಸ್, ಒಗೆದು ಒಗೆದು ಮೆತ್ತಗಾದ ಹತ್ತಿ ಇವು ಸದ್ದಿಲ್ಲದವು. ಹತ್ತಿಗೆ ಒಂದು ದೋಷ: ನೆನೆದರೆ ಒಣಗುವುದಿಲ್ಲ, ಚಳಿ ಹಿಡಿಸುತ್ತದೆ. ಮಳೆಯ ಜಾಕೆಟ್ ಬೇಕೇ ಬೇಕೆಂದರೆ ಅದರ ಮೇಲೆ ಮೆತ್ತನೆ ಅಂಗಿ ಹಾಕುವ ಉಪಾಯ ಉಂಟು. ನೋಡಲು ವಿಚಿತ್ರ, ಆದರೆ ನೋಡುವವರು ಯಾರಿದ್ದಾರೆ?

ವೆಲ್ಕ್ರೋ ಇರುವ ಯಾವುದೂ ಬೇಡ. ಇದನ್ನು ಕಷ್ಟಪಟ್ಟು ಕಲಿತೆ. ಒಂದು ರಾತ್ರಿ ಎರಡು ಗಂಟೆ ಕೂತ ಮೇಲೆ ಮುಳ್ಳುಹಂದಿಯೊಂದು ತಾನಾಗಿಯೇ ಹತ್ತು ಹೆಜ್ಜೆ ದೂರಕ್ಕೆ ಬಂತು. ಮುಳ್ಳು ಒಂದಕ್ಕೊಂದು ತಾಗುವ ಕಟಕಟ ಸದ್ದೂ ಕೇಳುತ್ತಿತ್ತು. ನಾನು ಕ್ಯಾಮೆರಾ ತೆಗೆಯಲು ಚೀಲದ ಜೇಬಿನ ಪಟ್ಟಿ ಎಳೆದೆ. ಚರ್‍ರ್ ಅಂತ ವೆಲ್ಕ್ರೋ ಕಿತ್ತ ಸದ್ದು ಬಟ್ಟೆ ಹರಿದಷ್ಟು ಜೋರಾಗಿ ಕೇಳಿಸಿತು. ಮುಳ್ಳುಹಂದಿ ಹೋಯಿತು. ಹೋದದ್ದು ಅದೊಂದೇ ಅಲ್ಲ, ನನಗೆ ಗೊತ್ತೇ ಇಲ್ಲದೆ ಪಕ್ಕದ ಪೊದೆಯಲ್ಲಿ ಕೂತಿದ್ದ ಇನ್ನೊಂದು ಏನೋ ಸಹ. ಅವತ್ತು ಮನೆಗೆ ಬಂದು ಎಲ್ಲ ವೆಲ್ಕ್ರೋ ಬಿಚ್ಚಿ ಗುಂಡಿ ಹೊಲಿದೆ. ಜಿಪ್‌ನ ಲೋಹದ ತುದಿ ಕತ್ತರಿಸಿ ದಾರದ ಕುಣಿಕೆ ಕಟ್ಟಿದೆ.

ಆಗ ಶುರು ಮಾಡಿದ ಒಂದು ಅಭ್ಯಾಸ ಈಗಲೂ ಇದೆ. ಹೊರಡುವ ಮೊದಲು ಎಲ್ಲ ಹಾಕಿಕೊಂಡು, ಚೀಲ ಹೊತ್ತು, ಕಣ್ಣು ಮುಚ್ಚಿ ನಾಲ್ಕು ಸಲ ಕುಪ್ಪಳಿಸುತ್ತೇನೆ. ಏನೇನು ಮಾತಾಡುತ್ತದೋ ಅದನ್ನೆಲ್ಲ ಸರಿಪಡಿಸುತ್ತೇನೆ. ಬೀಗದ ಕೈ ಗೊಂಚಲನ್ನು ಬಟ್ಟೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಸುಮ್ಮನಾಗುತ್ತದೆ. ಚಿಲ್ಲರೆ ಮನೆಯಲ್ಲಿರಲಿ. ಅರ್ಧ ತುಂಬಿದ ನೀರಿನ ಬಾಟಲಿ ಕುಲುಕುತ್ತದೆ, ಪೂರ್ತಿ ತುಂಬಿಸಿ. ಆಮೇಲೆ ಕೋಣೆಯ ದೀಪ ಆರಿಸಿ ಇನ್ನೊಂದು ಪರೀಕ್ಷೆ. ಎಲ್ಲೆಲ್ಲಿ ಬೆಳಕು ಸೋರುತ್ತಿದೆ? ಕ್ಯಾಮೆರಾದ ಸೂಚಕ ದೀಪ, ಪವರ್ ಬ್ಯಾಂಕಿನ ನಾಲ್ಕು ಚುಕ್ಕಿ, ಕೈಗಡಿಯಾರದ ಮುಳ್ಳು, ಇವಕ್ಕೆಲ್ಲ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ. ಶೂ ಹಿಂದೆ, ಚೀಲದ ಪಟ್ಟಿಯ ಮೇಲೆ ಬೆಳಕು ಪ್ರತಿಫಲಿಸುವ ಗೆರೆ ಇರುತ್ತದೆ, ಅದನ್ನೂ ಮುಚ್ಚಬೇಕು. ಆದರೆ ಕಿತ್ತೊಗೆಯಬೇಡಿ. ವಾಹನ ಓಡಾಡುವ ರಸ್ತೆಯಲ್ಲಿ ನಡೆಯುವಷ್ಟು ಹೊತ್ತು ನೀವು ಕಾಣಿಸಿಕೊಳ್ಳಲೇಬೇಕು. ನಾನು ಹೊಳೆಯುವ ಪಟ್ಟಿಯೊಂದನ್ನು ಮಡಿಚಿ ಜೇಬಲ್ಲಿಟ್ಟಿರುತ್ತೇನೆ. ರಸ್ತೆಗೆ ಇಳಿದೊಡನೆ ತೋಳಿಗೆ ಕಟ್ಟುತ್ತೇನೆ.

ಮೊಬೈಲ್ ಬಗ್ಗೆ ಹೇಳದೆ ಇರುವಂತಿಲ್ಲ. ನಿಮ್ಮ ಕಣ್ಣಿನ ಹದವನ್ನು ಹಾಳು ಮಾಡುವುದರಲ್ಲಿ ಟಾರ್ಚ್‌ಗಿಂತ ಇದೇ ಮುಂದೆ, ಯಾಕೆಂದರೆ ನಮಗೆ ತಿಳಿಯದೆಯೇ ಕೈ ಅದಕ್ಕೆ ಹೋಗುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲಿಡಿ. ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ, ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ಸಾಕು. ಬೆಳಕು ಅತಿ ಕಡಿಮೆ ಮಾಡಿ, ಅಲಾರಾಂ ಎಲ್ಲ ತೆಗೆದುಹಾಕಿ. ಅನಿವಾರ್ಯವಾಗಿ ನೋಡಬೇಕಾದರೆ ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿ ಇನ್ನೊಂದರಲ್ಲಿ ನೋಡಿ. ಮುಚ್ಚಿದ ಕಣ್ಣಿನ ಹದ ಹಾಗೇ ಉಳಿದಿರುತ್ತದೆ. ಕ್ಯಾಮೆರಾದಲ್ಲಿ ಫೋಕಸ್‌ಗೆಂದು ತಾನಾಗಿ ಹೊತ್ತುವ ಪುಟ್ಟ ದೀಪ, ಬೀಪ್ ಸದ್ದು, ತೆಗೆದ ಚಿತ್ರ ಪರದೆಯಲ್ಲಿ ಮೂಡುವುದು ಮೂರನ್ನೂ ಮನೆಯಲ್ಲೇ ಆಫ್ ಮಾಡಿ. ಗೂಬೆಯ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ. ನಮಗೇ ಅರ್ಧ ಗಂಟೆ ಬೇಕಾದರೆ, ಕಣ್ಣನ್ನೂ ನಂಬಿ ಬೇಟೆಗೆ ಹೊರಟ ಅದಕ್ಕೆ ಎಷ್ಟು ತೊಂದರೆ ಇರಬಹುದು? ಗೂಬೆಯ ಕೂಗು ರೆಕಾರ್ಡ್ ಹಾಕಿ ಕರೆಯುವ ಕೆಟ್ಟ ಚಾಳಿಯೂ ಬೇಡ.

ನಿಮ್ಮ ಬಳಿ ಬೈನಾಕ್ಯುಲರ್ ಇದ್ದೇ ಇರುತ್ತದೆ. ರಾತ್ರಿ ಅದನ್ನು ಯಾಕೆ ಮನೆಯಲ್ಲಿ ಬಿಟ್ಟು ಹೋಗುತ್ತೀರಿ? ಅದರ ಮೇಲೆ 8×42 ಅಂತಲೋ 10×25 ಅಂತಲೋ ಬರೆದಿರುತ್ತದೆ. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ. 8×42 ಆದರೆ 5.25 ಮಿ.ಮೀ. ಬರುತ್ತದೆ. ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಅದು. 10×25 ಆದರೆ ಬರೀ 2.5. ಕತ್ತಲೆಯಲ್ಲಿ ಹದಿಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ.ವರೆಗೆ ಅರಳುತ್ತದೆ, ವಯಸ್ಸಾದಂತೆ ಅದು 5ರ ಹತ್ತಿರಕ್ಕೆ ಇಳಿಯುತ್ತದೆ. ಹಡಗಿನವರು ರಾತ್ರಿಗೆಂದು 7×50 ಹಿಡಿಯುವುದು ಇದೇ ಲೆಕ್ಕದಲ್ಲಿ. ನಿಮ್ಮದು 8×42 ಆಗಿದ್ದರೆ ಹೊಸದೇನೂ ಬೇಡ. ಬೆಳದಿಂಗಳಲ್ಲಿ ಮರದ ಕೊಂಬೆಗಳ ಮೇಲೆ ಅದನ್ನು ಆಡಿಸಿ ನೋಡಿ, ಬರಿಗಣ್ಣಿಗೆ ಕಾಣದ್ದು ಕಾಣುತ್ತದೆ. ಇದಕ್ಕೆ ಬ್ಯಾಟರಿಯೂ ಬೇಡ.

ಇಷ್ಟೆಲ್ಲ ಮಾಡಿ ಹತ್ತು ಸಲ ಹೋಗಿ ಬಂದ ಮೇಲೂ ಯಂತ್ರ ಬೇಕೆನಿಸಿದರೆ, ಆಗ ಕೇಳಿ. ನೈಟ್ ವಿಷನ್ ಹೆಸರಲ್ಲಿ ಈಗ ಹೆಚ್ಚಾಗಿ ಸಿಗುವುದು ಡಿಜಿಟಲ್ ಬಗೆ. ಅದು ತಾನೇ ಇನ್ಫ್ರಾರೆಡ್ ದೀಪ ಬೀರಿ ಅದರ ಬೆಳಕಿನಲ್ಲಿ ನೋಡುತ್ತದೆ. ಆ ದೀಪ 850 ನ್ಯಾನೋಮೀಟರಿನದಾದರೆ ಎದುರಿನಿಂದ ನೋಡುವವರಿಗೆ ಮಂದ ಕೆಂಪು ಚುಕ್ಕಿ ಕಾಣುತ್ತದೆ. 940ರದಾದರೆ ಕಾಣುವುದಿಲ್ಲ, ಆದರೆ ಅಷ್ಟು ದೂರ ತಲುಪುವುದೂ ಇಲ್ಲ. ಥರ್ಮಲ್ ಬೇರೆಯದೇ ಜಾತಿ. ಅದು ಮೈಯ ಶಾಖವನ್ನು ನೋಡುತ್ತದೆ, ಯಾವ ದೀಪವನ್ನೂ ಬೀರುವುದಿಲ್ಲ. ಪೊದೆಯ ಸಂದಿಯಲ್ಲಿ ಕೂತ ಮೊಲ ಅದರಲ್ಲಿ ಕೆಂಡದ ಹಾಗೆ. ಒಂದನ್ನೇ ಕೊಳ್ಳುವುದಾದರೆ ನನ್ನ ಮತ ಥರ್ಮಲ್‌ಗೆ, ಯಾಕೆಂದರೆ ರಾತ್ರಿ ಕಷ್ಟವಿರುವುದು ಹುಡುಕುವುದರಲ್ಲಿ. ಹಾಗಂತ ಅದಕ್ಕೆ ಎಲ್ಲವೂ ಕಾಣುವುದಿಲ್ಲ. ಕಿಟಕಿಯ ಗಾಜಿನ ಮೂಲಕ ನೋಡಲಾಗದು. ತಣ್ಣನೆ ಮೈಯ ಕಪ್ಪೆ, ಹಲ್ಲಿ ಅದರ ಕಣ್ಣಿಗೆ ನೆಲದ ಹಾಗೇ. ಸಂಜೆಯ ಹೊತ್ತು ಬಿಸಿಲುಂಡ ಕಲ್ಲುಗಳೆಲ್ಲ ಹೊಳೆದು ತಲೆ ಕೆಡಿಸುತ್ತವೆ, ನಡುರಾತ್ರಿ ಕಳೆದ ಮೇಲೆ ಅದರ ನೋಟ ತಿಳಿಯಾಗುತ್ತದೆ. ಎರಡು ಬಗೆಯಲ್ಲೂ ಒಳಗಿರುವುದು ಬೆಳಗುವ ಪರದೆ, ನೋಡಿದ ಕಣ್ಣು ಸ್ವಲ್ಪ ಹೊತ್ತು ಕುರುಡು. ನಾನು ಎಡಗಣ್ಣನ್ನು ಯಂತ್ರಕ್ಕೆ ಮೀಸಲಿಟ್ಟಿದ್ದೇನೆ. ಇಂಥ ಉಪಕರಣಗಳಿಗೆ ಕೆಲವು ದೇಶಗಳಲ್ಲಿ ನಿರ್ಬಂಧ ಇದೆ. ದುಡ್ಡು ಕೊಡುವ ಮೊದಲು ನಿಮ್ಮಲ್ಲಿನ ಕಾನೂನು ನೋಡಿಕೊಳ್ಳಿ.

ಯಂತ್ರದ ಆಸೆ ಇದ್ದೇ ಇದ್ದರೆ ಇನ್ನೂ ಎರಡು ಆಟಿಕೆ ಇವೆ, ಎರಡೂ ಥರ್ಮಲ್‌ಗಿಂತ ಅಗ್ಗ, ನನಗೆ ಎರಡೂ ಜಾಸ್ತಿ ಇಷ್ಟ. ಒಂದು ಬಾವಲಿಯ ಕೂಗು ಕೇಳಿಸುವ ಬ್ಯಾಟ್ ಡಿಟೆಕ್ಟರ್. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಬಿಡುತ್ತದೆ, ಕೀಟ ತಿನ್ನುವ ಬಾವಲಿಗಳ ಕೂಗು ಹೆಚ್ಚಾಗಿ ಅದರ ಮೇಲೆಯೇ ಶುರು. ಅದನ್ನು ಈ ಯಂತ್ರ ಕೆಳಗಿಳಿಸಿ ಟಪ್ ಟಪ್ ಸದ್ದಾಗಿ ಕೇಳಿಸುತ್ತದೆ. ಬಾವಲಿ ಹುಳದ ಹತ್ತಿರ ಹೋದಂತೆ ಟಪ್‌ಗಳು ಕೂಡಿಕೊಂಡು ಕೊನೆಗೆ ಒಂದು ಗೊರಕೆಯಂತಾಗುತ್ತವೆ. ಇಯರ್‌ಫೋನ್ ಹಾಕಿಯೇ ಕೇಳಿ, ಅದೂ ಒಂದೇ ಕಿವಿಗೆ.

ಇನ್ನೊಂದು ನೇರಳಾತೀತ ಟಾರ್ಚ್. ಚೇಳಿನ ಮೇಲೆ ಬಿಟ್ಟರೆ ಅದು ಹಸಿರು ಬೆರೆತ ನೀಲಿಯಾಗಿ ಹೊಳೆಯುತ್ತದೆ. ಮೊದಲ ಸಲ ಕಂಡಾಗ ನಾನು ಬಾಯಿ ತೆರೆದು ನಿಂತಿದ್ದೆ. ಹಗಲು ಹತ್ತು ಸಲ ಹಾದುಹೋದ ಮಣ್ಣಿನ ಗೋಡೆಯ ಬಿರುಕಿನಲ್ಲಿ ಏಳು ಚೇಳು ಕೂತಿದ್ದವು. ಪೊರೆ ಕಳಚಿದ ಹೊಸತರಲ್ಲಿ ಮಾತ್ರ ಅವು ಹೊಳೆಯುವುದಿಲ್ಲ, ಹೊಸ ಚಿಪ್ಪು ಗಟ್ಟಿಯಾಗುತ್ತ ಬಂದಂತೆ ಹೊಳಪೂ ಬರುತ್ತದೆ. 395 ನ್ಯಾನೋಮೀಟರಿನ ಟಾರ್ಚ್ ಅಗ್ಗ, ಆದರೆ ಅದರ ನೇರಳೆ ಬೆಳಕೇ ಕಣ್ಣಿಗೆ ರಾಚುತ್ತದೆ. 365ರದ್ದು ಒಳ್ಳೆಯದು. ಅದನ್ನು ಯಾರ ಕಣ್ಣಿಗೂ ಹಿಡಿಯಬೇಡಿ, ಚೇಳಿನ ಮೇಲೂ ಬಹಳ ಹೊತ್ತು ಬಿಡಬೇಡಿ.

ವಾಸನೆಯ ಬಗ್ಗೆ ಚುಟುಕಾಗಿ. ಸುಗಂಧದ ಸೋಪು, ಸೆಂಟು ಬೇಡ ಅನ್ನುವುದು ನಿಮಗೆ ಗೊತ್ತಿರುತ್ತದೆ. ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ಕೂರಬೇಕು ಅನ್ನುವುದೂ ಗೊತ್ತಿರುತ್ತದೆ. ಗೊತ್ತಿಲ್ಲದಿರಬಹುದಾದ್ದು ಇದು: ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ತಂಪಾದ ಗಾಳಿ ಭಾರವಾಗಿ ಇಳಿಜಾರಿನ ಕೆಳಕ್ಕೆ ನೀರಿನ ಹಾಗೆ ಹರಿಯುತ್ತದೆ. ಗುಡ್ಡದ ಮೇಲೆ ಕೂತು ಕೆಳಗಿನ ತೊರೆಗೆ ಬರುವ ಪ್ರಾಣಿಯನ್ನು ಕಾಯುವವರು ತಮ್ಮ ವಾಸನೆಯನ್ನು ನೇರ ಅಲ್ಲಿಗೇ ಸುರಿಯುತ್ತಿರುತ್ತಾರೆ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಕ್ರೀಮಿಗೆ ಪ್ಲಾಸ್ಟಿಕ್ ಕರಗಿಸುವ ಗುಣವಿದೆ, ಬೈನಾಕ್ಯುಲರ್ ಮೇಲೆ ಬೆರಳಚ್ಚು ಹಾಗೇ ಮೂಡಿಬಿಡುತ್ತದೆ. ಹಿಂಗೈಯಲ್ಲಿ ಹಚ್ಚಿಕೊಳ್ಳಿ. ಆ ಕೈಯಲ್ಲಿ ಕಪ್ಪೆಯನ್ನು ಮುಟ್ಟಲೇಬೇಡಿ, ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ.

ದಿನ ಯಾವುದು ಅನ್ನುವುದೂ ಒಂದು ಸಲಕರಣೆಯೇ. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ (ಲಕ್ಸ್ ಅಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ) ಕೂಡ ಇರುವುದಿಲ್ಲ, ಆದರೂ ಹದಗೊಂಡ ಕಣ್ಣಿಗೆ ಅದು ಹಬ್ಬದ ದೀಪ. ನಡೆಯಲು ಸುಖ, ನೋಡಲು ಅಲ್ಲ. ಇಲಿಯಂಥ ಅನೇಕ ಸಣ್ಣ ಪ್ರಾಣಿಗಳು ಆವತ್ತು ಬಯಲಿಗೆ ಬರಲು ಹಿಂಜರಿಯುತ್ತವೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆ ಕಳೆದು ಮೂರ್ನಾಲ್ಕು ದಿನಕ್ಕೆ ಹೋದರೆ ಮುಸ್ಸಂಜೆಯ ಮೇಲೆ ಒಳ್ಳೆ ಕತ್ತಲೆ, ವಾಪಸು ಬರುವ ಹೊತ್ತಿಗೆ ಬೆಳದಿಂಗಳು. ನಾನು ಆಯ್ದುಕೊಳ್ಳುವುದು ಅದನ್ನೇ.

ಇನ್ನು, ಅಡಗಿ ಓಡಾಡುವವರನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ ಯೋಚಿಸಿದ್ದೀರಾ? ಮಾಸಲು ಬಟ್ಟೆ, ಟೋಪಿ, ದೀಪವಿಲ್ಲ, ಪೊದೆಯ ಪಕ್ಕ ಕುಕ್ಕರಗಾಲಲ್ಲಿ ಕೂತ ಮನುಷ್ಯ. ನನ್ನನ್ನು ಒಮ್ಮೆ ನಾಲ್ಕು ಜನ ದೊಣ್ಣೆ ಹಿಡಿದು ಸುತ್ತುವರಿದಿದ್ದರು. ತಪ್ಪು ಅವರದಲ್ಲ, ಹೇಳದೆ ಹೋದವನು ನಾನು. ಪ್ರಾಣಿಗಳಿಂದ ಅಡಗಿ, ಮನುಷ್ಯರಿಂದ ಬೇಡ. ಖಾಸಗಿ ಜಾಗವಾದರೆ ಒಡೆಯರನ್ನು ಹಗಲೇ ಕೇಳಿ. ಸಂರಕ್ಷಿತ ಅರಣ್ಯಕ್ಕೆ ಅನುಮತಿಯಿಲ್ಲದೆ ರಾತ್ರಿ ಕಾಲಿಡಬೇಡಿ. ಸುತ್ತಲಿನವರಿಗೆ ಒಂದು ಮಾತು ಹೇಳಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ಚೀಲದಲ್ಲಿ ಒಂದು ಸೀಟಿ ಇರಲಿ. ನಾನು ಬಳಸಿದ ಪ್ರಸಂಗ ಬಂದಿಲ್ಲ, ತೆಗೆದೂ ಇಟ್ಟಿಲ್ಲ.

ಕೊನೆಯದಾಗಿ, ನನ್ನ ಚೀಲದಲ್ಲಿ ಅತಿ ಹೆಚ್ಚು ಸವೆದಿರುವ ವಸ್ತು ಯಾವುದು ಗೊತ್ತಾ? ಹಳೆಯ ಮಲಗುವ ಮ್ಯಾಟ್‌ನಿಂದ ಕತ್ತರಿಸಿದ ಒಂದು ಚೌಕ ಫೋಮ್ ತುಂಡು. ನೆಲದ ತಂಪು ಏರುವುದಿಲ್ಲ, ಒಣ ಎಲೆ ಚರಪರ ಅನ್ನುವುದಿಲ್ಲ, ಕಾಲು ಜೋಮು ಹಿಡಿದು ಹತ್ತು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕಾಗುವುದಿಲ್ಲ. ನಾನು ಕಂಡ ಪ್ರಾಣಿಗಳಲ್ಲಿ ಹೆಚ್ಚಿನವು ನಾನು ನಡೆಯುತ್ತಿದ್ದಾಗ ಕಂಡವಲ್ಲ, ಇದರ ಮೇಲೆ ಕೂತಿದ್ದಾಗ ತಾವೇ ಬಂದವು. ಮುಂದಿನ ಸಲ ಹೀಗೆ ಮಾಡಿ. ಕತ್ತಲಾಗುವ ಅರ್ಧ ಗಂಟೆ ಮೊದಲೇ ಹೋಗಿ, ನೀರಿನ ಹತ್ತಿರ ಒಂದು ಮರಕ್ಕೆ ಒರಗಿ ಕೂರಿ. ಬೆಳಕು ತಾನಾಗಿ ಇಳಿಯುತ್ತದೆ, ಕಣ್ಣೂ ಅದರ ಜೊತೆಗೇ ಹದವಾಗುತ್ತದೆ. ಅಂಗೈ ಎರಡನ್ನೂ ಕಿವಿಯ ಹಿಂದೆ ಬಟ್ಟಲಿನ ಹಾಗೆ ಹಿಡಿದು ನಿಧಾನ ತಲೆ ತಿರುಗಿಸಿ. ಟಾರ್ಚ್ ಜೇಬಿನಲ್ಲಿರಲಿ. ಕೂರುವ ಮೊದಲು ಮಾತ್ರ ಆ ಜಾಗವನ್ನು ನೇರಳಾತೀತ ಟಾರ್ಚ್‌ನಿಂದ ಒಮ್ಮೆ ನೋಡಿಬಿಡಿ. ನಾನು ಒಂದು ಸಲ ನೋಡದೆ ಕೂತಿದ್ದೆ.